ವಯಸ್ಸಾದ ಎದುರಾಳಿಯಾಗಿ ಹನ್ನೆರಡು ದಿನ

ಸೊಳ್ಳೆ ಹೊಡೆಯುವುದರಲ್ಲಿ ಮನುಷ್ಯನ ಕೈಯ ಯೋಗ್ಯತೆ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ನಾನು ಇಲ್ಲಿಯವರೆಗೆ ಹೊಡೆದ ಹೊಡೆತಗಳಲ್ಲಿ ಸೊಳ್ಳೆಗೆ ತಾಗಿದವು ತೀರ ವಿರಳ. ಮಿಕ್ಕವೆಲ್ಲ ಬಿದ್ದದ್ದು ನನ್ನದೇ ಕಪೋಲಕ್ಕೆ, ನನ್ನದೇ ಮೊಣಕಾಲಿಗೆ, ಒಮ್ಮೆಯಂತೂ ಹೆಂಡತಿ ಆಗತಾನೇ ತಂದಿಟ್ಟ ಚಹಾದ ಬಶಿಗೆ. ಸವದತ್ತಿ, ರಾಮದುರ್ಗ, ಕಡೆಗೆ ಬೈಲಹೊಂಗಲ ಎಂದು ಊರಿಂದೂರಿಗೆ ಗಣಿತ ಕಲಿಸುತ್ತ ತಿರುಗಿದ ಇಷ್ಟು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೂ ನಾನು ಕೈಯೆತ್ತಲಿಲ್ಲ. ಜನ ಅದನ್ನು ನನ್ನ ಸಾತ್ವಿಕತೆ ಎಂದು ಕೊಂಡಾಡಿದರು. ಗುರಿ ತಪ್ಪಿ ಪಕ್ಕದವನಿಗೆ ಬಿದ್ದೀತೆಂಬ ಅಂಜಿಕೆ ಎಂದು ನಾನಾಗಿ ಹೇಳಲು ಹೋಗಲಿಲ್ಲ. ಇಂಥ ನಾನು ಈ ವರ್ಷ ಒಬ್ಬ ಬಾಕ್ಸರ್ ಹುಡುಗಿಯ ಭವಿಷ್ಯದ ಬಗ್ಗೆ ದಿನಗಟ್ಟಲೆ ಅಧಿಕಾರವಾಣಿಯಿಂದ ವಾದ ಮಾಡಿದೆ ಎಂದರೆ ನಿಮಗೆ ನಗು ಬಂದೀತು. ನಗಿರಿ, ಸಂಕೋಚ ಬೇಡ, ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ನಮ್ಮ ಬೈಲಹೊಂಗಲದ ಮಾರುಕಟ್ಟೆಯ ಪ್ರಾಂಗಣದೆದುರು ಒಂದು ಚಹಾದಂಗಡಿ ಇದೆ. ಬೆಳಗಿನ ಏಳರಿಂದ ಒಂಬತ್ತರವರೆಗೆ ಅದರ ಎಡಗಡೆಯ ಬೆಂಚಿಗೆ ನಾವು ಮೂವರು ಅನಭಿಷಿಕ್ತ ಅಧಿಪತಿಗಳು. ಒಬ್ಬರು ಹತ್ತಿಯ ದಲಾಲಿ ಗುರುಸಿದ್ದಪ್ಪ; ಯಾವ ಮಾತನ್ನೂ ಹತ್ತಿಯಂತೆಯೇ ಬೆರಳಲ್ಲಿ ಎಳೆದು ನೋಡದೆ ಒಪ್ಪುವವರಲ್ಲ. ಇನ್ನೊಬ್ಬರು ರುದ್ರಪ್ಪ ವಸ್ತಾದರು, ಎಂದರೆ ಗರಡಿಯಲ್ಲಿ ಕುಸ್ತಿ ಕಲಿಸುವ ಗುರುಗಳು. ಎಪ್ಪತ್ತಾರು ದಾಟಿದ ಅವರು ಕಾಳಗಗಳಲ್ಲಿ ನಜ್ಜುಗುಜ್ಜಾದ ಎರಡು ಕಿವಿಗಳನ್ನು ಪದಕಗಳಷ್ಟೇ ಅಭಿಮಾನದಿಂದ ಹೊತ್ತುಕೊಂಡಿದ್ದಾರೆ. ಮೂರನೆಯವನು ಅರವತ್ನಾಲ್ಕರ ನಾನು.

ನಮ್ಮ ವಾದದ ವಸ್ತು ನೇಸರಗಿಯ ಶಿವಲೀಲಾ. ಎಂಟನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಭಿನ್ನರಾಶಿ ಕಲಿತವಳು, ಅಥವಾ ಕಲಿಯದೆ ಪಾರಾದವಳು. ಶಾಲೆ ಬಿಟ್ಟೊಡನೆ ವಸ್ತಾದರ ಗರಡಿಗೆ ಹೋಗಿ ಹುಡುಗರೊಂದಿಗೆ ಮಣ್ಣಾಡಿ, ಮುಂದೆ ಬೆಳಗಾವಿಯಲ್ಲಿ ಯಾರೋ ಕೈಗೆ ಗ್ಲೌಸ್ ಹಾಕಿದ ಮೇಲೆ ಬಾಕ್ಸಿಂಗಿಗೆ ಒಲಿದವಳು. ಈಗ ಇಪ್ಪತ್ತೊಂಬತ್ತು ವಯಸ್ಸು. ಮುರಗೋಡದ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ರಾಜ್ಯ ತಂಡದ ಆಯ್ಕೆಗೆ ಅವಳನ್ನು ಕಳಿಸುವುದು ಇದೇ ಕಡೆಯ ಸಲ, ಮುಂದಿನ ವರ್ಷದಿಂದ ಸಣ್ಣವರಿಗೆ ದಾರಿ ಬಿಡಬೇಕು ಎಂದು ಅವಳ ಕೋಚ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅರ್ಜಿಯಲ್ಲಿ ತೂಕದ ವರ್ಗ ಬರೆಯಬೇಕು. ಐವತ್ತೇಳು ಕೆಜಿ ಎಂದು ಬರೆದರೆ ಎದುರಿಗೆ ಹಾಲಿ ಚಾಂಪಿಯನ್, ಇಪ್ಪತ್ತೆರಡರ ಸಿಡಿಲಮರಿ. ಅರವತ್ತು ಎಂದು ಬರೆದರೆ ಎದುರಿಗೆ ಮೂವತ್ತೇಳು ವಯಸ್ಸಿನ, ಎರಡು ಮಕ್ಕಳ ತಾಯಿಯಾದ ಹಳೆಯ ಚಾಂಪಿಯನ್. ಶನಿವಾರದೊಳಗೆ ಒಂದು ಅಂಕಿ ತುಂಬಬೇಕಿತ್ತು.

ಆ ಹಳೆಯ ಚಾಂಪಿಯನ್ ಜೊತೆ ಹೋದ ವರ್ಷ ನಡೆದದ್ದನ್ನು ಹೇಳದಿದ್ದರೆ ನಿಮಗೆ ಈ ವಾದದ ಬಿಸಿ ತಾಗದು. ನಮ್ಮ ಗರಡಿಗಳಲ್ಲಿ ಒಂದು ಪದ್ಧತಿ ಇದೆ. ಎದುರಾಳಿ ಹಿರಿಯನಾಗಿದ್ದರೆ, ಅವನನ್ನು ಕೆಡವಿದ ಕಿರಿಯ ತಾನೇ ಕೈಕೊಟ್ಟು ಎಬ್ಬಿಸಿ, ಬೆನ್ನಿಗೆ ಹತ್ತಿದ ಮಣ್ಣು ಒರೆಸಿ, ಕಾಲು ಮುಟ್ಟಬೇಕು. ಆಟ ಮುಗಿದ ಮೇಲೆ ಮಾಡುವ ಈ ಮರ್ಯಾದೆ ಶಿವಲೀಲಾಳ ರಕ್ತದಲ್ಲಿ ಇಳಿದಿತ್ತು. ಬಾಕ್ಸಿಂಗಿನಲ್ಲಾದರೋ ಎದುರಾಳಿ ಬಿದ್ದರೆ ಆಟ ಮುಗಿಯುವುದಿಲ್ಲ. ಬೀಳಿಸಿದವರು ಕೂಡಲೇ ದೂರದ ಮೂಲೆಗೆ ಹೋಗಿ ನಿಲ್ಲಬೇಕು, ಅವರು ನಿಂತ ಮೇಲೆಯೇ ರೆಫರಿ ಹತ್ತರವರೆಗಿನ ಎಣಿಕೆ ಶುರುಮಾಡುವುದು, ಅಷ್ಟರೊಳಗೆ ಬಿದ್ದವರು ಏಳಬೇಕು. ಹೋದ ವರ್ಷ ಎರಡನೆಯ ಸುತ್ತಿನಲ್ಲಿ ಇವಳ ಬಲಗೈಯ ಪೆಟ್ಟಿಗೆ ಆಕೆ ಬಿದ್ದಳು. ಇವಳು ಓಡಿಹೋಗಿ ಎಬ್ಬಿಸಿ, ಬೆನ್ನೊರೆಸಿದಳು! ರೆಫರಿ ಕೂಗಿದ, ಎಚ್ಚರಿಕೆ ಕೊಟ್ಟ, ಅಂಕ ಕಡಿತವಾಯಿತು. ಅಷ್ಟರಲ್ಲಿ ಆಕೆ ಉಸಿರು ತಂದುಕೊಂಡು ಚೇತರಿಸಿಕೊಂಡು, ಮೂರನೆಯ ಸುತ್ತಿನಲ್ಲಿ ಇವಳನ್ನು ಚೆನ್ನಾಗಿ ಬಾರಿಸಿ ಗೆದ್ದಳು. ನಮ್ಮ ಸೀಮೆಯವರಲ್ಲದೆ ಇನ್ನಾರೂ ಮಾಡಲಾರದ ತಪ್ಪು ಅದು.

ಗುರುಸಿದ್ದಪ್ಪನವರದು ಮಾನದ ಪ್ರಶ್ನೆ. "ಮೂವತ್ತೇಳರಾಕಿನ್ನ ಗೆದ್ದರ ಯಾರ ಹಾರ ಹಾಕ್ತಾರ್ರಿ? ಸೋತರ ಮಾತ್ರ ಊರೆಲ್ಲಾ ನಗತೈತಿ. ಸಣ್ಣಾಕಿ ಜೋಡಿ ಸೋತರೂ ಹೆಸರೈತಿ" ಎಂದು ಅವರು ಐವತ್ತೇಳಕ್ಕೆ ಪಟ್ಟುಹಿಡಿದರು. ನಾನು ಅರವತ್ತರ ಪಕ್ಷ. ವಯಸ್ಸಾದಂತೆ ಕಣ್ಣು ನಿಧಾನ, ಕಾಲು ನಿಧಾನ, ಉಸಿರು ಮೋಟು. ಆದುದರಿಂದ ಸಂಭವನೀಯತೆ ಶಿವಲೀಲಾಳ ಕಡೆಗಿದೆ ಎಂದು ಬೆಂಚಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳದ್ದಿ ನಕ್ಷೆ ಬರೆದು ಪ್ರತಿಪಾದಿಸಿದೆ. ವಸ್ತಾದರು ಮಾತ್ರ ಯಾವ ಪಕ್ಷಕ್ಕೂ ಸೇರದೆ, ಗುರುಸಿದ್ದಪ್ಪನವರ ಮೊಬೈಲಿನಲ್ಲಿ ಇಬ್ಬರು ಎದುರಾಳಿಗಳ ಚಿತ್ರವನ್ನೂ ತೆಗೆಸಿಕೊಂಡು ನೋಡಿದರು. ಕುಸ್ತಿಯ ಕಣದಲ್ಲಿ ಜೋಡಿ ಹಚ್ಚುವ ಹಿರಿಯರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಕುತ್ತಿಗೆ, ಹೆಗಲು ಒತ್ತಿ ನೋಡಿ ತೀರ್ಮಾನಿಸುತ್ತಾರಷ್ಟೆ. ಇವರು ಹೆಬ್ಬೆರಳಿನಿಂದ ಮೊಬೈಲಿನ ಗಾಜನ್ನೇ ಒತ್ತೊತ್ತಿ ನೋಡಿದರು. ಹಳೆಯ ಚಾಂಪಿಯನ್ ಕುತ್ತಿಗೆ ಒತ್ತಿದಾಗ ಚಿತ್ರ ದೊಡ್ಡದಾಗಿ ಬರೀ ಒಂದು ಕಿವಿ ಕಂಡಿತು.

"ಮಾಸ್ತರ, ನಿಮ್ಮ ಲೆಕ್ಕಾ ಖೊಟ್ಟಿ ಐತಿ. ಈಕಿ ಹಗರಕ ಬೀಳಾಕಿ ಅಲ್ಲ. ಬಿದ್ದರೂ ಎದ್ದು ಬರಾಕಿ" ಎಂದರು ವಸ್ತಾದರು.

ನನಗೆ ಕೋಪ ಬಂತು. ನನ್ನ ಗಣಿತಕ್ಕೆ ಖೊಟ್ಟಿ, ಸುಳ್ಳು ಎಂದವರು ಅದುವರೆಗೆ ಯಾರೂ ಇರಲಿಲ್ಲ. ಆದರೆ ಅದೇ ವಾರ ಕಿತ್ತೂರಿನ ಬಸ್ಸಿನಲ್ಲಿ ಒಬ್ಬ ಕಾಲೇಜು ಕನ್ಯೆ, ನಾನು ಹತ್ತಿದ್ದೇ ತಡ, ದಿಗ್ಗನೆದ್ದು "ಕುಂಡ್ರಿ ಅಜ್ಜಾರ" ಎಂದು ಸೀಟು ಬಿಟ್ಟುಕೊಟ್ಟಳು. ಆ ಸೌಜನ್ಯಕ್ಕೆ ನಾನು ಒಳಗೊಳಗೇ ಎಷ್ಟು ಉರಿದುಕೊಂಡೆನೆಂದರೆ ಕಿತ್ತೂರು ಬರುವವರೆಗೂ ಕಿಡಕಿಯಿಂದ ಮುಖ ತಿರುಗಿಸಲಿಲ್ಲ. ಮನೆಯಲ್ಲೂ ಅಷ್ಟೇ, ಬ್ಯಾಂಕಿನಲ್ಲೂ ಅಷ್ಟೇ. ನಾನು ಏಳಲು ಮನಸ್ಸು ಮಾಡುವಷ್ಟರಲ್ಲಿ ಯಾರದೋ ಕೈ ನನ್ನ ರೆಟ್ಟೆ ಹಿಡಿದಿರುತ್ತದೆ. ನನಗಿಂತ ಇಪ್ಪತ್ತೇಳು ವರ್ಷ ಚಿಕ್ಕವಳಾದ ಹೆಂಗಸನ್ನು ಮುದುಕಿಯೆಂದು ತಳ್ಳಿಹಾಕಿ ವಾದ ಗೆಲ್ಲಲು ಹೊರಟವನು ನಾನೇ ಎಂಬುದು ಆಗ ಹೊಳೆದು ಕಿವಿ ಬಿಸಿಯಾಯಿತು.

ಗುರುವಾರ ಬೆಳಿಗ್ಗೆ ಶಿವಲೀಲಾ ತಾನೇ ಅರ್ಜಿ ಹಿಡಿದು ಚಹಾದಂಗಡಿಗೆ ಬಂದಳು. ನಮ್ಮ ಮೂವರ ವಾದವನ್ನೂ ನಿಂತುಕೊಂಡೇ ಕೇಳಿದಳು. ಆಮೇಲೆ ನನ್ನ ಜೇಬಿನ ಪೆನ್ನು ಇಸಿದುಕೊಂಡು ಅರವತ್ತು ಎಂದು ಬರೆದಳು. ನನ್ನ ವಾದ ಗೆದ್ದಿತೆಂದು ನಾನು ಗುರುಸಿದ್ದಪ್ಪನವರ ಕಡೆಗೆ ಮೀಸೆ ತಿರುವುವಷ್ಟರಲ್ಲಿ ಅವಳು ಹೇಳಿದಳು:

"ಆಕಿ ಹಗರ ಅದಾಳ ಅಂತ ಅಲ್ಲರಿ ಸರ. ಹೋದ ವರ್ಸ ನನಗ ಆ ಮೂಲಿಗೆ ಹೋಗಾಕ ಆಗಲಿಲ್ಲ. ಸಣ್ಣಾಕಿ ಜೋಡಿ ಆಡಿದರ ಅದು ತಪ್ಪಿಸಿಕೊಂಡು ಓಡಿಹೋದಂಗ ಆಗತೈತಿ. ನಾ ಆಕಿನ್ನ ಕೆಡವಬೇಕು, ಮೂಲಿಗೆ ಹೋಗಿ ನಿಂದರಬೇಕು. ಅಷ್ಟ."

"ಹೋಗತಿಯೇನ ಯವ್ವಾ?" ಎಂದರು ವಸ್ತಾದರು. ಅವರ ದನಿ ಇಳಿದಿತ್ತು. "ಎಬ್ಬಸೂದು ಕಲಿಸಿದಾಂವ ನಾನ. ಆ ಸೋಲು ನಂದ ಐತಿ."

"ಗೊತ್ತಿಲ್ಲರಿ ಅಜ್ಜಾರ. ಹಿರ್ಯಾರು ನೆಲದ ಮ್ಯಾಲೆ ಬಿದ್ದಾಗ ನನ್ನ ಕಾಲು ತಾನ ಅತ್ತಾಗ ಓಡತೈತಿ."

ವಸ್ತಾದರು ಬಹಳ ಹೊತ್ತು ನನ್ನನ್ನೇ ನೋಡಿದರು. ಆ ನೋಟ ಜೋಡಿ ಹಚ್ಚುವ ನೋಟವೆಂದು ನನಗೆ ತಡವಾಗಿ ತಿಳಿಯಿತು. ಮರುದಿನದಿಂದ ಗರಡಿಯಲ್ಲಿ ಶಿವಲೀಲಾಳಿಗೆ ವಯಸ್ಸಾದ ಎದುರಾಳಿಯೊಬ್ಬ ಬೇಕು, ಅವನು ಬೀಳುತ್ತಿರಬೇಕು, ಅವಳು ಎಬ್ಬಿಸದೆ ಮೂಲೆಗೆ ಹೋಗುವುದನ್ನು ರೂಢಿಸಿಕೊಳ್ಳಬೇಕು ಎಂದರು. ತಾವೇ ಬೀಳಬಹುದಲ್ಲ ಎಂದು ನಾನು ವಿನಯದಿಂದ ಸೂಚಿಸಿದೆ. "ನಾ ಬಿದ್ದರ ಆಕಿ ಅಂಜತಾಳ, ಕರುಣಾ ಬರೂದಿಲ್ಲ. ನಿಮ್ಮನ್ನ ನೋಡಿದರ ಎಂಥಾವರಿಗೂ ಕರುಣಾ ಬರತೈತಿ" ಎಂದರು. ಬೀಳಲು ಯೋಗ್ಯವಾದ ಒಂದು ಹಳೆಯ ಪ್ಯಾಂಟು ಹುಡುಕಲು ನಾನು ಮನೆಗೆ ಹೊರಟೆ.

ಹೀಗೆ ಸೊಳ್ಳೆಗೂ ಸೋತ ನಾನು ಹನ್ನೆರಡು ದಿನ ಬಾಕ್ಸರಾದೆ. ಪ್ರತಿದಿನ ಬೆಳಿಗ್ಗೆ ಅವಳು ನೇಸರಗಿಯ ಬಸ್ಸಿಳಿದು ಬಂದು ಗ್ಲೌಸ್ ತೊಟ್ಟು ನನ್ನೆದುರು ನಿಲ್ಲುತ್ತಿದ್ದಳು. ಅವಳ ಮುಷ್ಟಿ ನನ್ನ ಅಂಗಿಯ ಗುಂಡಿಯನ್ನು ಸಮೀಪಿಸುವ ಮೊದಲೇ ನಾನು ದೂರದೃಷ್ಟಿಯಿಂದ ಬೀಳುತ್ತಿದ್ದೆ. ಮೊದಲ ದಿನ "ಅಯ್ಯ ಸರ, ಪೆಟ್ಟಾತೇನ್ರಿ?" ಎಂದು ಓಡಿಬಂದು ಎಬ್ಬಿಸಿಯೇಬಿಟ್ಟಳು. "ಮುಟ್ಟಬ್ಯಾಡ! ಮೂಲಿಗೆ ನಡಿ!" ಎಂದು ವಸ್ತಾದರು ಗರ್ಜಿಸಿದರು. ಎರಡು ದಿನ ಅದೇ ಕಥೆ. ನಾಲ್ಕನೆಯ ದಿನ ಮೂಲೆಯ ಕಡೆಗೆ ಹೊರಟಳು, ಆದರೆ ಅರ್ಧ ದಾರಿಯಿಂದ ಹಿಂದಕ್ಕೆ ಬಂದಳು. ಆರನೆಯ ದಿನ ಮೂಲೆಯಲ್ಲಿ ನಿಂತಳು, ಕಣ್ಣಲ್ಲಿ ನೀರು ತಂದುಕೊಂಡು. ನಾನು ಕೆಮ್ಮಣ್ಣಿನಲ್ಲಿ ಮಲಗಿ ಗರಡಿಯ ತೊಲೆ ಎಣಿಸುತ್ತ, ಇವಳನ್ನು ಇಷ್ಟು ಒಳ್ಳೆಯವಳನ್ನಾಗಿ ಮಾಡಿದವರೆಲ್ಲರ ಮೇಲೆ ಸಿಟ್ಟಾಗುತ್ತಿದ್ದೆ. ಆ ಪಟ್ಟಿಯಲ್ಲಿ ನಾನೂ ಇದ್ದೆ.

ಒಂಬತ್ತನೆಯ ದಿನ ನನ್ನ ಕಾಲು ನಿಜವಾಗಿ ಜಾರಿತು. ಮೊಣಕಾಲು ಕಟ್ಟೆಯ ಅಂಚಿಗೆ ಬಡಿದು ಜೀವ ಹೋದಂತಾಯಿತು. ಬಾಯಿಂದ ಬಂದ "ಯವ್ವಾ" ನಟನೆಯದಲ್ಲ. ಅವಳಿಗೂ ಅದು ಗೊತ್ತಾಯಿತು. ಒಂದು ಹೆಜ್ಜೆ ನನ್ನ ಕಡೆಗೆ ಇಟ್ಟಳು. ವಸ್ತಾದರ ಕೈ ಕೂಡ ನನ್ನ ಕಡೆಗೇ ಚಾಚಿತು. ಆಗ ನನಗೆಲ್ಲಿಂದ ಬಂತೋ ಧೈರ್ಯ, ಜನ್ಮದಲ್ಲಿ ಒಬ್ಬ ವಿದ್ಯಾರ್ಥಿಯನ್ನೂ ಗದರದವನು, "ಹೋಗ ಮೂಲಿಗೆ! ನಾ ಏಳತೇನಿ!" ಎಂದು ಅರಚಿದೆ. ಅವಳು ಹೋದಳು. ಬೆನ್ನು ಬಾಗಿಸದೆ ಹೋಗಿ ಮೂಲೆಯಲ್ಲಿ ನಿಂತು ನೇರವಾಗಿ ನನ್ನನ್ನು ನೋಡಿದಳು. ನನಗೆ ಹೆಮ್ಮೆಯಾಯಿತು, ಜೊತೆಗೆ ಸ್ವಲ್ಪ ನೋವೂ ಆಯಿತು. ಅವಳು ಬಂದಿದ್ದರೆ ಚೆನ್ನಾಗಿತ್ತು ಎಂದು ಮನಸ್ಸಿನ ಒಂದು ಮೂಲೆ ಗೊಣಗಿತು. ಮೊದಲು ಕೈಯೂರಿದೆ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಯಾರೂ ರೆಟ್ಟೆ ಹಿಡಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ನನ್ನಷ್ಟಕ್ಕೆ ಎದ್ದು ನಿಂತಿದ್ದೆ, ಮೈಯೆಲ್ಲ ಮಣ್ಣಾಗಿ, ಮೊಣಕಾಲಲ್ಲಿ ರಕ್ತ ಸೋರಿಸಿಕೊಂಡು, ಪರಮ ಸುಖಿಯಾಗಿ. ಉಳಿದ ಮೂರು ದಿನ ಅವಳು ಒಮ್ಮೆಯೂ ತಪ್ಪಲಿಲ್ಲ.

ಆಯ್ಕೆಯ ದಿನ ಮಧ್ಯಾಹ್ನ ನಾವು ಮೂವರೂ ಬೆಂಚಿನ ಮೇಲೆ ಗುರುಸಿದ್ದಪ್ಪನವರ ಮೊಬೈಲಿನಲ್ಲಿ ನೇರವಾಗಿ ಬರುತ್ತಿದ್ದ ಆಟದ ಸುತ್ತ ತಲೆ ಕೂಡಿಸಿ ಕುಳಿತೆವು. ಹಳೆಯ ಚಾಂಪಿಯನ್ ನಿಧಾನವೇನೋ ನಿಜ. ಆದರೆ ಶಿವಲೀಲಾಳ ಕೈ ಎಲ್ಲಿಗೆ ಬರುವುದೋ ಅಲ್ಲಿಂದ ಆಕೆ ಮೊದಲೇ ಸರಿದಿರುತ್ತಿದ್ದಳು. ಮೊದಲ ಸುತ್ತು ಆಕೆಯದು. ನನ್ನ ಸಂಭವನೀಯತೆಯ ನಕ್ಷೆ ನೆನಪಾಗಿ ನಾಚಿಕೆಯಾಯಿತು. ಎರಡನೆಯ ಸುತ್ತಿನ ನಡುವೆ ಶಿವಲೀಲಾಳ ಬಲಗೈ ತಾಗಿತು, ಆಕೆ ಬಿದ್ದಳು. ವಸ್ತಾದರು ನನ್ನ ತೊಡೆಯನ್ನು ಬಿಗಿಯಾಗಿ ಹಿಡಿದರು. ಶಿವಲೀಲಾ ತಿರುಗಿದಳು. ನಡೆದಳು. ದೂರದ ಮೂಲೆಗೆ ಹೋಗಿ, ಎರಡೂ ಕೈಯಿಂದ ಹಗ್ಗ ಹಿಡಿದು ನಿಂತಳು. ರೆಫರಿ ಎಣಿಸತೊಡಗಿದ. ಆರಕ್ಕೆ ಆಕೆ ಎದ್ದು ನಿಂತಳು, ಎಂಟಕ್ಕೆ ಮತ್ತೆ ಆಟ ಶುರುವಾಯಿತು. ಮೂರನೆಯ ಸುತ್ತಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಏನನ್ನೂ ಬಿಟ್ಟುಕೊಡಲಿಲ್ಲ. ಐವರು ತೀರ್ಪುಗಾರರಲ್ಲಿ ಮೂವರು ಶಿವಲೀಲಾಳ ಕಡೆಗೆ ಒಲಿದರು.

ರೆಫರಿ ಅವಳ ಕೈ ಮೇಲಕ್ಕೆತ್ತಿದಾಗ ಗುರುಸಿದ್ದಪ್ಪನವರು ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಹೇಳಿದರು. ಸ್ವಲ್ಪ ಹೊತ್ತಿಗೆ ಫೋನು ಬಂತು. ಗೆದ್ದೆ ಎಂದು ಅವಳು ಹೇಳಲೇ ಇಲ್ಲ.

"ಸರ, ಆಕಿ ಎದ್ಲ್ರಿ" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ನಾ ಮುಟ್ಟಲಿಲ್ಲರಿ. ತಾನ ಎದ್ಲು."

ನಾನು ಫೋನನ್ನು ವಸ್ತಾದರಿಗೆ ಕೊಟ್ಟೆ. ಅವರು "ಹೂಂ ಮಗಳ, ಹೂಂ" ಎಂದಷ್ಟೇ ಅಂದು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಗುರುಸಿದ್ದಪ್ಪನವರು ಆಗಲೇ ಮುಂದಿನ ವಾದಕ್ಕೆ ಗಂಟು ಬಿಚ್ಚಿದ್ದರು: ಇನ್ನು ದೇಶದ ಮಟ್ಟದವರ ಜೊತೆ ಆಟ, ಹರಿಯಾಣದ ಹುಡುಗಿಯರ ಮುಂದೆ ಇವಳು ಎಷ್ಟು ಸುತ್ತು ನಿಂದಿರುತ್ತಾಳೆ, ಇತ್ಯಾದಿ. ವಸ್ತಾದರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬೆಂಚಿನಿಂದ ಏಳಲು ಎರಡೂ ಮೊಣಕಾಲಿಗೆ ಕೈಕೊಟ್ಟರು. ಮೊದಲ ಸಲ ಆಗಲಿಲ್ಲ. ನನ್ನ ಕೈ ತಾನಾಗಿ ಅವರ ರೆಟ್ಟೆಯ ಕಡೆಗೆ ಹೊರಟಿತ್ತು. ಅರ್ಧಕ್ಕೆ ಹಿಂದೆಳೆದು ಜೇಬಿಗೆ ತುರುಕಿಕೊಂಡು, ಎದ್ದು ಅಂಗಡಿಯ ಆ ಮೂಲೆಗೆ ಹೋಗಿ ನಿಂತೆ. ಎರಡನೆಯ ಸಲವೂ ಆಗಲಿಲ್ಲ. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಏಳಕ್ಕೆ ಅವರು ಎದ್ದು ನೆಟ್ಟಗೆ ನಿಂತು, ನನ್ನ ಕಡೆಗೆ ನೋಡಿ ಹೇಳಿದರು:

"ನಡೀರಿ ಮಾಸ್ತರ, ನಾಳಿಂದ ಮತ್ತ ಬೀಳೂದೈತಿ."