ತೊಂಡೇಬಾವಿಯ ಶಾಸ್ತ್ರಪಾಠ

ಗೌರಿಬಿದನೂರಿನ ನಮ್ಮ ಮನೆಯ ನಡುಮನೆಯಲ್ಲಿ, ಅಮ್ಮನ ಹಳೆಯ ಸೀರೆಯೊಂದನ್ನು ಸುತ್ತಿಕೊಂಡು, ಬಾಣಂತಿಯ ಹಾಗೆ ಮೂಲೆ ಹಿಡಿದು ಕೂತಿರುತ್ತಿದ್ದ ತಂಬೂರಿಯನ್ನು ನೀವು ನೋಡಬೇಕಿತ್ತು. ಧೂಳು ಕೂರದಿರಲೆಂದು ಅಮ್ಮ ಹೊದಿಸಿದ ಸೀರೆ ಅದು. ಆದರೆ ಸೀರೆ ಉಟ್ಟ ಮೇಲೆ ತಂಬೂರಿಗೂ ಒಂದು ಗೌರವ ಬಂದುಬಿಡುತ್ತದೆಯೋ ಏನೋ, ಅಪ್ಪ ಅದನ್ನು ಅವಳು ಎಂದೇ ಕರೆಯುತ್ತಿದ್ದರು. "ಅವಳನ್ನ ಸ್ವಲ್ಪ ಆಚೆ ಕೂರ್ಸಮ್ಮ, ಚಾಪೆ ಹಾಸ್ಬೇಕು" ಎನ್ನುವರು. ತಾಲ್ಲೂಕು ಕಚೇರಿಯ ಗುಮಾಸ್ತರಾದ ಅವರಿಗೆ ಎರಡು ಹೆಣ್ಣುಮಕ್ಕಳಿದ್ದಂತೆ: ಮಾತಾಡುವವಳು ನಾನು, ಮಿಡಿದರೆ ಮಾತ್ರ ದನಿ ತೆಗೆಯುವವಳು ಅವಳು.

ನನಗೆ ಹಾಡು ಕಲಿಸಿದವರು ಪಿಟೀಲು ನಂಜುಂಡಪ್ಪನವರು. ಅವರ ಕಲಿಕೆಯೆಲ್ಲ ಕಿವಿಯಿಂದ ಕಿವಿಗೆ. ರಾಗದ ಲಕ್ಷಣ, ತಾಳದ ಅಂಗ, ಸ್ವರಗಳ ಸ್ಥಾನ, ಇವುಗಳ ಹೆಸರೆತ್ತಿದರೆ ಅವರಿಗೆ ಮೂಗಿನ ತುದಿಯಲ್ಲಿ ನೊಣ ಕೂತಷ್ಟು ಕಿರಿಕಿರಿ. ಹೀಗಿರುವಾಗ ಅರವತ್ತರ ದಶಕದ ಮೊದಲ ವರ್ಷಗಳಲ್ಲೊಮ್ಮೆ ನಾನು ಸಂಗೀತದ ವಿದ್ವತ್ ಪರೀಕ್ಷೆಗೆ ಕೂರುವುದೆಂದಾಯಿತು. ಚಿಂತಾಮಣಿಯಲ್ಲಿ ಹೆಣ್ಣುಮಕ್ಕಳಿಗೆ ಹೊಸ ಶಾಲೆ ತೆರೆಯುವವರಿದ್ದರು. ವಿದ್ವತ್ ಆದವರಿಗೆ ಅಲ್ಲಿ ಸಂಗೀತದ ಮೇಷ್ಟರ ಕೆಲಸ. ಆಗದಿದ್ದರೆ ನನ್ನ ಹಾಡು, ವಧುಪರೀಕ್ಷೆಗೆ ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆಯ ಜೊತೆಗೆ ಬಡಿಸುವ ಪದಾರ್ಥವಾಗಿ ಉಳಿಯುವುದು ಖಂಡಿತವಿತ್ತು. ಹಾಡುವುದರ ಬಗ್ಗೆ ನನಗೆ ಭಯವಿರಲಿಲ್ಲ. ಭಯವೆಲ್ಲ ಶಾಸ್ತ್ರದ ಪತ್ರಿಕೆಯದು.

"ಹಾಡು ಬಾಯಿಗೆ ಬಂದ್ಮೇಲೆ ಅದರ ಜಾತಕ ಯಾಕಮ್ಮ?" ಎಂದರು ನಂಜುಂಡಪ್ಪನವರು. ಆಮೇಲೆ ಪಿಟೀಲನ್ನು ಪಕ್ಕಕ್ಕಿಟ್ಟು, ದನಿ ತಗ್ಗಿಸಿ, "ನಂಗೆ ಬರಲ್ಲ. ಬರೋರನ್ನ ಹುಡುಕ್ಕೊ. ನಾನೇನೂ ಬೇಜಾರು ಮಾಡ್ಕೊಳಲ್ಲ" ಎಂದರು. ಶಿಷ್ಯೆಯನ್ನು ಹಾಗೆ ಹಗುರವಾಗಿ ಬಿಟ್ಟುಕೊಡುವ ಗುರುಗಳು ಹೆಚ್ಚು ಜನ ಇರಲಾರರು.

ಹುಡುಕಾಟಕ್ಕೆ ಅಪ್ಪ ಹೊರಟರು, ನಾನು ಹೊರಟೆ, ಬೇಡವೆಂದರೂ ಕೇಳದೆ ಅಪ್ಪ ತಂಬೂರಿಯನ್ನೂ ಹೊರಡಿಸಿದರು. "ಗುರುಗಳ ಮನೆಗೆ ಬರಿಗೈಲಿ ಹೋಗೋದು ಚೆನ್ನಾಗಿರಲ್ಲ" ಎಂಬುದು ಅವರ ವಾದ. ಬಸ್ಸಿನಲ್ಲಿ ಸೀರೆಯುಟ್ಟ ತಂಬೂರಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡರೆ ಕಂಡಕ್ಟರು ಮೂರನೆಯ ಟಿಕೆಟ್ಟಿಗೆ ಕೈ ಹಾಕಿ, ಮತ್ತೊಮ್ಮೆ ನೋಡಿ, ನಕ್ಕು ಮುಂದೆ ಹೋದ.

ಚಿಕ್ಕಬಳ್ಳಾಪುರದ ವಿದ್ವಾಂಸರೊಬ್ಬರು ನಮ್ಮನ್ನು ಆದರದಿಂದ ಕೂರಿಸಿ, ಪಾಠಪಟ್ಟಿ ನೋಡಿ, "ಹಾಡೋದು ಬೇಕಾದ್ರೆ ಹೇಳ್ಕೊಡ್ತೀನಿ. ಶಾಸ್ತ್ರಾನ ನಾನು ಪರೀಕ್ಷೆ ಮುಗಿದ ದಿವ್ಸಾನೇ ಮರ್ತುಬಿಟ್ಟೆ" ಎಂದು ನಿರ್ಮಲವಾಗಿ ನಕ್ಕರು. ಚಿಂತಾಮಣಿಯಲ್ಲೊಬ್ಬರು ನಿಜಕ್ಕೂ ಬಲ್ಲವರು. ಆದರೆ ಬಲ್ಲದ್ದೆಲ್ಲ ಗ್ರಾಂಥಿಕ ತೆಲುಗಿನ ಪದ್ಯಗಳಲ್ಲಿತ್ತು. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಷ್ಟು ತೆಲುಗು ನನಗೆ ಬರುತ್ತಿತ್ತೇ ಹೊರತು, ಆ ಸಮಾಸಗಳ ಕಾಡಿನಲ್ಲಿ ದಾರಿ ಹುಡುಕುವಷ್ಟಲ್ಲ. ಶಿಡ್ಲಘಟ್ಟದ ಆಚೆ ಮೇಲೂರಿನಲ್ಲಿ ಮೂರನೆಯವರ ಮನೆ ಹೊಕ್ಕರೆ, ತಟ್ಟೆ ತಟ್ಟೆಗಳ ತುಂಬ ರೇಷ್ಮೆಹುಳು ಸೊಪ್ಪು ಮೇಯುತ್ತ ಸಣ್ಣ ಮಳೆಯಂಥ ಸದ್ದು. ಮನೆಯವರು ತುಟಿಯ ಮೇಲೆ ಬೆರಳಿಟ್ಟು, "ಹುಳ ಹಣ್ಣಾಗಿ ಗೂಡು ಕಟ್ಟೋವರೆಗೂ ನಮ್ಮನೇಲಿ ಶ್ರುತಿ ಹಾಕಂಗಿಲ್ಲ ಸ್ವಾಮಿ" ಎಂದು ಪಿಸುಗುಟ್ಟಿದರು. ನಾವೂ ಪಿಸುಮಾತಿನಲ್ಲೇ ನಮಸ್ಕಾರ ಹೇಳಿ ಬಂದೆವು.

ಪರೀಕ್ಷೆಯ ಆಸೆಯನ್ನು ಮಡಿಸಿಡುವ ಹೊತ್ತಿಗೆ, ಕಚೇರಿ ಕೆಲಸದ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗಿದ್ದ ಅಪ್ಪ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನನ್ನನ್ನು ಕೂಗಿದರು. ತೊಂಡೇಬಾವಿಯಲ್ಲಿ ಎದುರು ಗಾಡಿಗಾಗಿ ರೈಲು ನಿಂತಿತ್ತಂತೆ. ಪ್ಲಾಟ್‌ಫಾರಂ ಮೇಲೆ ಹಸಿರು ಬಾವುಟ ಹಿಡಿದು ಅಡ್ಡಾಡುತ್ತಿದ್ದ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರು ಒಂದೇ ಸಮನೆ ಏನನ್ನೋ ಮಣಮಣ ಹೇಳಿಕೊಳ್ಳುತ್ತಿದ್ದರಂತೆ. ಮಂತ್ರವಿರಬೇಕೆಂದು ಅಪ್ಪ ಕಿವಿಗೊಟ್ಟರೆ, ಎಪ್ಪತ್ತೆರಡು ಮೇಳರಾಗಗಳ ಹೆಸರು. "ಮೂರು ತಾಲ್ಲೂಕು ಸುತ್ತಿದ್ವಲ್ಲಮ್ಮ. ಮನುಷ್ಯ ಇಲ್ಲೇ, ನಮ್ಮ ರೈಲುದಾರೀಲೇ ಇದಾನೆ" ಎಂದರು ಅಪ್ಪ.

ಅವರ ಹೆಸರು ಅನಂತಯ್ಯ. ನಡುವಯಸ್ಸು ದಾಟಿದ, ಬಿಳಿ ಸಮವಸ್ತ್ರದ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಳ್ಳುವ, ಎದುರಿನವರ ಮುಖದ ಬದಲು ಭುಜವನ್ನು ನೋಡಿ ಮಾತಾಡುವ ಸಂಕೋಚದ ಮನುಷ್ಯ. ಪಾಠ ಹೇಳಬೇಕೆಂದು ಅಪ್ಪ ಕೇಳಿಕೊಂಡಾಗ ಅವರು ಕೈಯಲ್ಲಿದ್ದ ಬಾವುಟವನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ನಾನು ವಿದ್ವತ್ ಆದೋನಲ್ಲ ಸ್ವಾಮಿ. ಶಾಸ್ತ್ರದಲ್ಲಿ ಪ್ರತಿ ಸಲಾನೂ ಪಾಸಾಗ್ತೀನಿ. ಪರೀಕ್ಷಕರ ಮುಂದೆ ಹಾಡೋಕೆ ಕೂತ್ರೆ ಗಂಟಲಿಗೆ ಯಾರೋ ಬೀಗ ಹಾಕ್ದಂಗಾಗುತ್ತೆ. ಈಗ ಅದನ್ನೆಲ್ಲ ಬಿಟ್ಟಿದೀನಿ."

"ಶಾಸ್ತ್ರಾನೇ ಸಾಕು ನಮಗೆ" ಎಂದರು ಅಪ್ಪ.

ಅಂದಿನಿಂದ ಭಾನುವಾರಗಳೆಲ್ಲ ತೊಂಡೇಬಾವಿಗೆ ಮೀಸಲಾದವು. ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ, ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನ ಜಗಲಿಯ ಮೇಲೆ ಪಾಠ. ಅನಂತಯ್ಯನವರ ಹೆಂಡತಿ ಪದ್ದಮ್ಮ ಹಿಂದೂಪುರದ ಕಡೆಯವರು. ಅವರ ಕನ್ನಡದಲ್ಲಿ ತೆಲುಗು ಧಾರಾಳವಾಗಿ ಬೆರೆತಿತ್ತು. ನಾನು ಬರುತ್ತಲೇ, "ಏಮ್ಮಾ, ಮೊದ್ಲು ತಿಂಡಿ ತಿನ್ನು. ಶಾಸ್ತ್ರ ಎಲ್ಲೂ ಪಾರಿಹೋಗಲ್ಲ" ಎಂದು ಒಳಗೆ ಎಳೆದೊಯ್ಯುವರು.

ಮೇಳರಾಗದ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಅದರ ಸಂಖ್ಯೆ ಅಡಗಿರುತ್ತದೆ ಎಂಬ ಲೆಕ್ಕ ನನ್ನ ತಲೆಗೆ ಹತ್ತದೆ ಹೋದಾಗ, ಮೇಷ್ಟರು ಒಂದು ಆಟ ಹೂಡಿದರು. "ನೋಡಮ್ಮ, ಪ್ರತಿ ಅಕ್ಷರಕ್ಕೂ ಒಂದು ಅಂಕಿ. ಗ ಅಂದ್ರೆ ಮೂರು, ರ ಅಂದ್ರೆ ಎರಡು. ತಿರುಗಿಸಿ ಓದು: ಇಪ್ಪತ್ಮೂರು. ಇಪ್ಪತ್ಮೂರನೇ ಮೇಳ ಗೌರಿಮನೋಹರಿ. ನಿಮ್ಮ ಗೌರಿಬಿದನೂರೂ ಇಪ್ಪತ್ಮೂರೇ." ನಾನು ಬೆರಗಾಗಿ ನಕ್ಕೆ. ಆ ಮಧ್ಯಾಹ್ನವೆಲ್ಲ ಊರುಗಳನ್ನು ರಾಗಗಳಿಗೆ ಗಂಟುಹಾಕುತ್ತ ಕಳೆಯಿತು. ಚಿಕ್ಕಬಳ್ಳಾಪುರ ಹದಿನಾರಾಗಿ ಚಕ್ರವಾಕದ ಮಡಿಲಿಗೆ ಬಿತ್ತು, ಚಿಂತಾಮಣಿ ಅರವತ್ತಾರಾಗಿ ಚಿತ್ರಾಂಬರಿಯಾಯಿತು, ರೇಷ್ಮೆಯಂಥ ಶಿಡ್ಲಘಟ್ಟ ಮೂವತ್ತೈದಾಗಿ ಮುಳ್ಳು ಹೆಸರಿನ ಶೂಲಿನಿಯನ್ನು ವರಿಸಿತು. ತೊಂಡೇಬಾವಿಯ ಪಾಲಿಗೆ ಮೂವತ್ತಾರನೆಯ ಚಲನಾಟ. "ರೈಲು ಸ್ಟೇಷನ್ನಿಗೆ ಚಲನವೇ ಬಂತು ನೋಡಿ" ಎಂದೆ. ಮೇಷ್ಟರು ಮೊದಲ ಬಾರಿಗೆ ನನ್ನ ಭುಜವನ್ನು ಬಿಟ್ಟು ಮುಖ ನೋಡಿ ನಕ್ಕರು. ಲೋಕದಲ್ಲಿ ಯಾವುದೂ ಒಂಟಿಯಾಗಿಲ್ಲ, ಸರಿಯಾದ ಲೆಕ್ಕ ತಿಳಿದವರಿಗೆ ಪ್ರತಿ ಊರಿಗೂ ಒಂದು ರಾಗದ ನೆಂಟಸ್ತಿಕೆ ಕಾಣುತ್ತದೆ ಎಂಬ ಸಂಭ್ರಮದಲ್ಲಿ ನಾನು ಮನೆಗೆ ಹೋದೆ.

ಇನ್ನೊಂದು ಭಾನುವಾರ ದರ್ಬಾರು ಮತ್ತು ನಾಯಕಿ ರಾಗಗಳ ಭೇದ. ಅಕ್ಕತಂಗಿಯರಂತೆ ಒಂದನ್ನೊಂದು ಹೋಲುವ ರಾಗಗಳವು. ಮಾತಿನಲ್ಲಿ ಬಿಡಿಸಿ ಹೇಳಲಾಗದೆ ಮೇಷ್ಟರು ಹಾಡಿ ತೋರಿಸತೊಡಗಿದರು. ಒಂದು ಸಂಚಾರ ಹಾಡಿ "ಇದು ದರ್ಬಾರು," ಇನ್ನೊಂದನ್ನು ಎಳೆದು "ಇದು ನಾಯಕಿ, ಇಲ್ಲಿ ಗಾಂಧಾರ ಹೇಗೆ ಒರಗಿ ನಿಲ್ಲುತ್ತೆ ನೋಡಮ್ಮ" ಎನ್ನುತ್ತ ಹೋದ ಹಾಗೆ, ಎಷ್ಟೋ ಕಾಲ ಮುಚ್ಚಿಟ್ಟ ಕೊಡದ ನೀರಿನಂಥ ತಂಪಾದ ಕಂಠ ಹರಿಯಿತು. ಅವರ ಬೆನ್ನ ಹಿಂದೆ, ಬೇಲಿಯ ಆಚೆ, ರೈಲಿಗೆ ಕಾದಿದ್ದ ಜನ ಗಂಟುಮೂಟೆ ಸಮೇತ ಬಂದು ನಿಂತಿದ್ದರು. ಯಾರೋ ಕೆಮ್ಮಿದರು. ಮೇಷ್ಟರು ತಿರುಗಿ ನೋಡಿದ್ದೇ ತಡ, ದನಿ ಅರ್ಧದಲ್ಲೇ ಅಡಗಿತು. ಗಾಡಿಯ ಹೊತ್ತಾಯಿತೆಂದು ಎದ್ದು ಹೋದರು. ಗಾಡಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಅವರು ಮರಳಿದಾಗ ನಾನು ಹೇಳಿದೆ: "ಈ ಸಲ ನೀವೂ ಪರೀಕ್ಷೆಗೆ ಕೂರ್ಬೇಕು ಮೇಷ್ಟ್ರೇ. ಇಲ್ದಿದ್ರೆ ನಾನೂ ಕೂರಲ್ಲ."

ಅವರು ಪದ್ದಮ್ಮನ ಕಡೆ ನೋಡಿದರು. ಪದ್ದಮ್ಮ ಮೊರದಲ್ಲಿ ಬೇಳೆ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ನನ್ನ ಕಡೆ ಯಾಕೆ ನೋಡ್ತೀರಿ? ಹುಡುಗಿ ಕೇಳ್ತಿರೋದು ನಿಮ್ಮನ್ನ" ಎಂದರು. ಆದರೆ ಬೇಳೆ ಆರಿಸುವ ಬೆರಳುಗಳು ನಿಂತಿದ್ದವು. ಮೇಷ್ಟರು ಒಪ್ಪಿದರು.

ಬೆಂಗಳೂರಿನ ಪರೀಕ್ಷೆಯಲ್ಲಿ ಶಾಸ್ತ್ರದ ಪತ್ರಿಕೆಯನ್ನು ನಾನು ಊರೂರು ಸುತ್ತಿಬಂದವಳ ಉಲ್ಲಾಸದಲ್ಲೇ ಬರೆದೆ. ಹಾಡಿಯೂ ಬಂದೆ. ಅನಂತಯ್ಯನವರ ಸರದಿ ಬರುವ ಹೊತ್ತಿಗೆ ಅವರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಬಾಗಿಲ ಬಳಿ ಅವರಿಗೆ ಕೇಳುವಷ್ಟೇ ಮೆಲ್ಲಗೆ, "ಪರೀಕ್ಷಕರ ಮುಂದೆ ಹಾಡ್ಬೇಡಿ ಮೇಷ್ಟ್ರೇ. ಅವರಿಗೆ ಪಾಠ ಹೇಳಿ" ಎಂದೆ. ಅವರು ಒಳಗೆ ಹೋದರು.

ಜೊತೆಗೆ ಬಂದಿದ್ದ ಪದ್ದಮ್ಮ ಮತ್ತು ನಾನು ಹೊರಗಿನ ಬೆಂಚಿನ ಮೇಲೆ ಕೂತೆವು. ಒಳಗೆ ತಂಬೂರಿ ಮಿಡಿಯಿತು. ಮಿಡಿಯುತ್ತಲೇ ಇತ್ತು, ಅದರ ಮೇಲೆ ಯಾವ ದನಿಯೂ ಏಳಲಿಲ್ಲ. ಪದ್ದಮ್ಮ ನನ್ನ ಕೈ ಹಿಡಿದುಕೊಂಡರು. ಪರೀಕ್ಷಕರೊಬ್ಬರು ಏನೋ ಕೇಳಿದ್ದು, ಮತ್ತೊಮ್ಮೆ ಕೇಳಿದ್ದು ಕಿವಿಗೆ ಬಿತ್ತು. ಆಮೇಲೆ ನಮ್ಮ ಮೇಷ್ಟರ ಸ್ವರ: "ನೋಡಮ್ಮ... ಕ್ಷಮಿಸಬೇಕು, ನೋಡಿ ಸ್ವಾಮಿ, ಇದು ಹೀಗೆ" ಎಂದವರು ಎತ್ತಿಕೊಂಡ ರಾಗ ಹೊಸ್ತಿಲು ದಾಟಿ, ಪಡಸಾಲೆಯ ಉದ್ದಕ್ಕೂ ಹರಿದು, ತಮ್ಮ ಸರದಿಗೆ ಕಾದಿದ್ದವರ ಬಾಯಿಪಾಠದ ಗುಣುಗುಣುವನ್ನೆಲ್ಲ ನಿಲ್ಲಿಸಿತು. ಪದ್ದಮ್ಮ ಬಹಳ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲ ಕಡೆ ಬಗ್ಗಿ ನೋಡಿ, "ನಿಲ್ಲಿಸ್ತಾನೇ ಇಲ್ವಲ್ಲಮ್ಮಾ ಈಯಪ್ಪ. ಪಾಪ, ಬೇರೆಯೋರೂ ಹಾಡ್ಬೇಡ್ವಾ?" ಎಂದರು.

ನಾವಿಬ್ಬರೂ ಪಾಸಾದೆವು. ಚಿಂತಾಮಣಿಯ ಶಾಲೆಯಲ್ಲಿ ನನಗೆ ಕೆಲಸವೂ ಸಿಕ್ಕಿತು. ನಂಜುಂಡಪ್ಪನವರು ಆ ಸುದ್ದಿಗೆ ತಮ್ಮ ಪಿಟೀಲಿನ ಮೇಲೆ ಒಂದು ಮಂಗಳ ನುಡಿಸಿ, ರಾಗದ ಹೆಸರು ಹೇಳೆಂದು ನನ್ನನ್ನು ಪರೀಕ್ಷಿಸಿದರು. ಮುಂದೆ ನಾನೂ ಮೇಷ್ಟರಾಗಿ ನಡುಗುವ ಹುಡುಗಿಯರನ್ನು ಕಂಡಾಗಲೆಲ್ಲ ನನಗನ್ನಿಸಿದ್ದಿಷ್ಟು: ನಾನು ಹೇಗೆ ಕಾಣುತ್ತೇನೆ, ಹೇಗೆ ಕೇಳಿಸುತ್ತೇನೆ ಎಂಬ ಚಿಂತೆಯೇ ಕೊರಳ ಬೀಗ, ಎದುರಿನವರಿಗೆ ಏನನ್ನಾದರೂ ಕೊಡಬೇಕೆಂಬ ಆತುರದಲ್ಲಿ ನಮ್ಮನ್ನೇ ಮರೆತ ಗಳಿಗೆಯಲ್ಲಿ ಅದು ತಾನಾಗಿ ಕಳಚಿಕೊಳ್ಳುತ್ತದೆ. ಇದನ್ನು ಯಾವ ಪತ್ರಿಕೆಯಲ್ಲೂ ಕೇಳುವುದಿಲ್ಲ.

ಆದರೆ ಫಲಿತಾಂಶಕ್ಕಿಂತ ನನಗೆ ನೆನಪಿರುವುದು ಪರೀಕ್ಷೆ ಮುಗಿಸಿ ಮರಳಿದ ಆ ಸಂಜೆಯ ರೈಲು. ಮಾಕಳಿದುರ್ಗದ ಬಂಡೆಗಳ ನಡುವೆ ಗಾಡಿ ಏದುಸಿರು ಬಿಡುತ್ತ ಹತ್ತುತ್ತಿತ್ತು. ಅನಂತಯ್ಯನವರು ಕಿಟಕಿಯ ಪಕ್ಕ ಕೂತು, ತಮಗೇ ಅರಿವಿಲ್ಲದೆ ಗುನುಗುತ್ತಿದ್ದರು. ಎದುರಿಗೆ ಬೆಲ್ಲದ ಮೂಟೆಗೆ ಒರಗಿದ್ದ ರೈತರೊಬ್ಬರು ಬಹಳ ಹೊತ್ತು ಆಲಿಸಿ, "ಯಾವೂರ ಸಂಗೀತಗಾರರು ಸ್ವಾಮಿ ತಾವು?" ಎಂದು ಕೇಳಿದರು. ರೈಲ್ವೆಯವನು ಎಂಬ ಉತ್ತರ ಮೇಷ್ಟರ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಪದ್ದಮ್ಮ ಗಂಡನ ಕಡೆ ನೋಡಿದರು. ಮೇಷ್ಟರು ಅಂಗಿಯ ಕೊರಳ ಗುಂಡಿಯೊಂದನ್ನು ಬಿಚ್ಚಿ, ಆ ರೈತರ ಮುಖವನ್ನು ನೆಟ್ಟಗೆ ನೋಡುತ್ತ, "ತೊಂಡೇಬಾವಿ" ಎಂದರು.