ಕೂಲಿಯ ದಿನ ನುಂಗದ ಗುಳಿಗೆ

ನನಗೂ ನನ್ನ ಮೈದುನನ ಹೆಂಡತಿಗೂ ಒಂದೇ ವರ್ಷ ಬಿಪಿ ಬಂತು. ನೆಗೆಣ್ಣಿಯರಿಗೆ ಸೀರೆ ಜೋಡಿ ತರುವುದುಂಟು, ಇವರಿಗೆ ರೋಗವೂ ಜೋಡಿ ಬಂತು ಎಂದು ಮನೆಯಲ್ಲಿ ನಕ್ಕರು. ಹಾವೇರಿಯ ಡಾಕ್ಟರು ಕೊಟ್ಟದ್ದು ಮೈಯ ನೀರಿಳಿಸುವ ಗುಳಿಗೆ. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದ ತನಕ ಒಂದಕ್ಕೆ ಓಡುವುದೇ ಕೆಲಸ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ನಮ್ಮದು. ನಾವು ಕೂಡುತ್ತಿದ್ದ ಅಂಗಳದಲ್ಲಿ ಹೆಂಗಸರಿಗೆ ಮರೆಯಿರಲಿಲ್ಲ. ರಸ್ತೆ ದಾಟಿ ಜಾಲಿಗಂಟಿಯ ಹಿಂದೆ ಹೋಗಬೇಕು, ಅದೂ ಖಾರದ ಕೈಯಲ್ಲಿ. ಆ ಉರಿ ಉಂಡವರಿಗೇ ಗೊತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದೆ: ಕೂಲಿಯ ದಿನ ಗುಳಿಗೆ ಬಂದ್, ಮನೆಯಲ್ಲಿದ್ದ ದಿನ ಚಾಲೂ. ನನಗೇನೂ ಆಗಲಿಲ್ಲ. ನನ್ನ ಬಾಯಲ್ಲಿ ಹುಳ ಬೀಳಲಿ, ಅವಳಿಗೂ ಅದನ್ನೇ ಕಲಿಸಿದೆ. ಅವಳು ಅಂಜಿದಾಗ ಚಾಷ್ಟಿ ಮಾಡಿ ನಕ್ಕೆ. ಸುಗ್ಗಿಯಲ್ಲಿ ಕೂಲಿಯಿಲ್ಲದ ದಿನವೇ ಇರಲಿಲ್ಲ.

ಒಂದು ಮಧ್ಯಾಹ್ನ ಅವಳ ಬಲಗೈಯಿಂದ ಮೆಣಸಿನಕಾಯಿ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಮುಖ ನೋಡಿದರೆ ಬಾಯಿ ಸೊಟ್ಟಗಾಗಿತ್ತು. ಟಂಟಂನಲ್ಲಿ ಹಾಕಿಕೊಂಡು ಹಾವೇರಿಗೆ ಓಡಿದೆವು.

ಬಿಪಿ ಅಳೆದು ನೋಡಿ ಡಾಕ್ಟರು ಕೇಳಿದರು. "ಗುಳಿಗಿ ಬಿಡು ಅಂತ ಯಾರ ಹೇಳಿದ್ರವ್ವಾ?"

ಅವಳು ನನ್ನ ಕಡೆ ನೋಡಿದಳು. ಅವಳ ಗಂಟಲಲ್ಲಿ ಏನೋ ಗೊರಗುಟ್ಟಿತು, ಮಾತು ಹೊರಡಲಿಲ್ಲ. ಮೈದುನ ಪಕ್ಕದಲ್ಲೇ ನಿಂತಿದ್ದ. ನಾನು ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವಳ ಮಂಚದ ಪಕ್ಕ ಕೂತು, ಜೀವ ಉಳಿಯಲೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಖರೆ ಹೇಳುತ್ತೇನೆ, ಮಾತು ಬರಲಿ ಎಂದು ಮಾತ್ರ ಬೇಡಿಕೊಳ್ಳಲಿಲ್ಲ. ಬಂದರೆ ಮೊದಲು ನನ್ನ ಹೆಸರನ್ನೇ ಹೇಳಿಯಾಳು ಎಂಬ ಹೆದರಿಕೆ. ಅಂಥ ಹೆಂಗಸು ನಾನು.

ಜೀವ ಉಳಿಯಿತು. ಮನೆಗೆ ಬಂದ ಮೇಲೂ ಮಾತಿಲ್ಲ, ಕಣ್ಣು ಮಾತ್ರ ನನ್ನ ಬೆನ್ನ ಹಿಂದೆಯೇ ತಿರುಗುತ್ತಿತ್ತು. ಆ ಕಣ್ಣಿಗೆ ಹೆದರಿಯೇ ನಾನು ಮತ್ತೆ ಕೂಲಿಗೆ ಹೋಗತೊಡಗಿದೆ. ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ನನ್ನ ಸೆರಗನ್ನು ಅವಳು ಎಡಗೈಯಲ್ಲಿ ಹಿಡಿದೆಳೆದಳು. ಮೈದುನ ಅಲ್ಲೇ ಚಹಾ ಕುಡಿಯುತ್ತಿದ್ದ. ಅವಳ ತುಟಿ ಒದ್ದಾಡಿತು. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಅಕ್ಕಾ… ಗುಳಿಗಿ… ನುಂಗಿದಿ?"

ಮಾತು ಬಂತು, ಮಾತು ಬಂತು ಎಂದು ಮೈದುನ ಎಲ್ಲರನ್ನೂ ಕೂಗಿ ಕರೆದ. ನಾನು ಹ್ಞೂಂ ಎಂದು ತಲೆಯಾಡಿಸಿದೆ. ನುಂಗಿರಲಿಲ್ಲ.