ಬೇಕರಿಯ ಬೆಚ್ಚನೆಯ ಗೋಡೆ

ಇಂಗಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ವಿದ್ಯಾರಣ್ಯಪುರದಲ್ಲಿದ್ದ ನನ್ನ ಹಪ್ಪಳದ ಶೆಡ್ಡು ಕಣ್ಣೆದುರು ಬಂದು ನಿಲ್ಲುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಆದರೆ ಪಕ್ಕದಲ್ಲಿ ಚೈತ್ರಾ ಕೊಟ್ಟುಹೋದ ಕಾಗದಗಳೂ ಇದ್ದವು. ನೋಡುತ್ತ ನಿಂತೆ, ಸಾರು ಉಕ್ಕಿಹೋಯಿತು.

ಚೈತ್ರಾ ಕಾಲೇಜು ಹುಡುಗಿ. ಒಂದೇ ಒಂದು ಸಣ್ಣ ಉದ್ಯಮ ಹಿಡಿದು, ಅಲ್ಲಿ ಹೊಸತು ಹೇಗೆ ಹುಟ್ಟಿತೆಂದು ಬುಡದಿಂದ ನೋಡುವ ಕೇಸ್ ಸ್ಟಡಿ ಕಲಿಯುತ್ತಿದ್ದಾಳೆ. ಆರಿಸಿಕೊಂಡದ್ದು ನನ್ನನ್ನು. ಎಸ್ಸೆಸ್ಸೆಲ್ಸಿಗೇ ನಿಂತವನ ಬಗ್ಗೆ ಬರೆಯುತ್ತಾರೆಂದರೆ ಯಾರು ಉಬ್ಬುವುದಿಲ್ಲ ಹೇಳಿ? ಅವಳು ಮೊದಲು ಬಂದ ದಿನ ಇಸ್ತ್ರಿ ಷರಟು ಹಾಕಿಕೊಂಡು ಕೂತೆ.

"ಮಳೆಗಾಲದಲ್ಲೂ ಹಪ್ಪಳ ಒಣಗಿಸೋ ಉಪಾಯ ಯಾರಿಗೆ ಹೊಳೀತು ಸಾರ್?"

"ನಂಗೇ ಕಣಮ್ಮ." ಪಕ್ಕದ ಬೇಕರಿಯ ಒಲೆಗೋಡೆ ಸದಾ ಬೆಚ್ಚಗಿರುವುದನ್ನು ಕಂಡು, ಅದಕ್ಕೆ ಬಲೆಯ ತಟ್ಟೆ ಒರಗಿಸಿದ ಕಥೆಯನ್ನು ಕೈ ಆಡಿಸಿ ಹೇಳಿದೆ.

"ಆಗ ಕೆಲಸಕ್ಕಿದ್ದೋರು ಯಾರಾದ್ರೂ ಸಿಗ್ತಾರಾ? ಒಬ್ಬರ ಮಾತು ನಂಬಿ ಬರೀಬಾರ್ದಂತೆ."

ಮಗಳನ್ನು ಕೊಡುವ ಮುಂಚೆ ಗಂಡಿನ ಬೀದಿಯಲ್ಲೆಲ್ಲ ವಿಚಾರಿಸಿ ಬಂದವನು ನಾನು. ಈ ವಿದ್ಯೆ ನನಗೆ ಹೊಸದಲ್ಲ. ಆದರೂ "ಯಾರೂ ಉಳಿದಿಲ್ಲಮ್ಮ" ಎಂದುಬಿಟ್ಟೆ. ಆಗ ಶೆಡ್ಡಿನಲ್ಲಿ ಹಪ್ಪಳ ಲಟ್ಟಿಸುತ್ತಿದ್ದ ಪುಟ್ಟಗೌರಮ್ಮ ಎರಡು ಬೀದಿಯಾಚೆ ಇದ್ದಾರೆ. ಉಪಾಯ ಅವರದು. ಅದೇ ಉಪಾಯಕ್ಕೆಂದು ವರ್ತಕರ ಸಂಘದಲ್ಲಿ ನನಗೆ ಶಾಲು ಹೊದಿಸಿದಾಗ, ಅವರು ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದರು.

ಬರೆದದ್ದನ್ನು ಹೇಳಿದವರಿಗೇ ಓದಿಸಿ ಒಪ್ಪಿಗೆ ಪಡೆಯಬೇಕೆಂಬುದೂ ಈ ವಿದ್ಯೆಯ ನಿಯಮವಂತೆ. ಆ ಕಾಗದಗಳೇ ಇವು. 'ಮಾಲೀಕರ ಸೂಕ್ಷ್ಮದೃಷ್ಟಿ' ಎಂದಿತ್ತು. ರುಜು ಹಾಕಲು ಕೈ ಬರಲಿಲ್ಲ. ಒಲೆ ಆರಿಸಿ ಫೋನ್ ಮಾಡಿದೆ: "ಸುಳ್ಳು ಹೇಳ್ಬುಟ್ಟಿದ್ದೆ ಕಣಮ್ಮ, ಬಾ."

ಚೈತ್ರಾಳನ್ನು ಕರೆದುಕೊಂಡು ಹೋದಾಗ ಪುಟ್ಟಗೌರಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅವರೆದುರೇ ಒಪ್ಪಿಕೊಂಡೆ: ಬೇಕರಿ ಗೋಡೆಗೆ ಮೊದಲು ಹಪ್ಪಳ ಒರಗಿಸಿದ್ದು ಇವರು, ನಾನಲ್ಲ.

"ಅದೂ ತಪ್ಪೇ ಯಜಮಾನ್ರೇ! ಮೊದ್ಲು ಒಣಾಕಿದ್ದು ಅಪ್ಪಳ ಅಲ್ಲ, ನನ್ ಮಗಳ ಇಸ್ಕೂಲ್ ಲಂಗ. ನೀಲಿದು. ಇದೇನು ಧೋಬಿಘಾಟಾ ಅಂತ ಬೈದ್ರಿ. ಅರ್ಧ ಗಂಟೇಲಿ ಒಣಗೋಯ್ತಲ್ಲ, ಆಮೇಲೆ ಅಪ್ಪಳ ಇಟ್ಟೆ. ಬೈದಿದ್ದೂ ಬರ್ಕೊಳವ್ವ."

ನಾನು ನಕ್ಕೆ. ಅವರು ನಗಲಿಲ್ಲ. "ಚಪ್ಪಾಳೆ ತಟ್ಟಿದ್ದೂ ಬರ್ಕೊ," ಎಂದರು.

ಚೈತ್ರಾ ಮೆಲ್ಲಗೆ ಹೇಳಿದಳು: "ಸಾರ್, ನೀವು ಮನೆಗೆ ಹೋಗಿ. ಇವರನ್ನ ಒಬ್ಬರನ್ನೇ ಕೇಳ್ಬೇಕು."

ಎದ್ದು ಬಂದೆ. ಈಗ ಮತ್ತೆ ಸಾರು ಕುದಿಯುತ್ತಿದೆ. ಇಂಗಿನ ಡಬ್ಬಿ ತೆಗೆದೆ, ಶೆಡ್ಡು ಕಣ್ಣೆದುರು ಬಂತು. ಈ ಸಲ ಗೋಡೆಯ ಮೇಲೆ ಒಂದು ನೀಲಿ ಲಂಗ ಒಣಗುತ್ತಿತ್ತು.